ಸದ್ಯಕ್ಕೆ ಇಳಿಯಿರಿ

ಜನವರಿ 11, 1998, ಭಾನುವಾರ

ಪುರಸಭೆಯ ಹಲಗೆಗೆ ನೋಟಿಸು ಅಂಟಿಸಿದ್ದಾರೆ. ಮಾರ್ಚ್ 24ಕ್ಕೆ, ನಮ್ಮ ಊರು ತೆಲ್ ರೋತೆಮ್ ಹುಟ್ಟಿದ ದಿನ, ಎಲ್ಹನಾನ್ ದ್ರೋರ್‌ಗೆ ‘ಊರಿನ ಗೌರವ ಪ್ರಜೆ’ ಎಂಬ ಬಿರುದು.

ಮಂತ್ರಿಯಾಗಿ ಐದು ಖಾತೆ ಆಳಿದವನು, ಮೂರು ಪಕ್ಷ ಕಂಡವನು. ಎರಡು ಪಕ್ಷಗಳನ್ನು ತಾನೇ ಒಡೆದ, ಮೂರನೆಯದು ಅವನನ್ನು ಹೊರಗೆ ಹಾಕಿತು. ನಮ್ಮನ್ನು ಈ ಮರಳುಗುಡ್ಡದ ಮೇಲೆ ತಂದು ಸುರಿದವನು ಅವನು. ನಲವತ್ತು ವರ್ಷದ ನಂತರ ನೇಯ್ಗೆ ಕಾರ್ಖಾನೆಗೆ ಬೀಗ ಹಾಕಿಸಿದವನೂ ಅವನೇ. ಅದಕ್ಕೆ ನಾವು ಗೌರವ ಸಲ್ಲಿಸಬೇಕು.

ನಾನು ಕಿರುಹೊತ್ತಗೆ ಬರೆಯುತ್ತೇನೆ. ಕಾರ್ಮಿಕ ಸಂಘದ ಕಚೇರಿ ಮುಚ್ಚಿದಾಗ ಕಸಕ್ಕೆ ಎಸೆದ ಎರಡು ಪೆಟ್ಟಿಗೆ ಕಿರುಹೊತ್ತಗೆಗಳೇ ನನಗೆ ಕಾಲೇಜು. ಅವುಗಳಿಂದ ಕಲಿತದ್ದು ಇಷ್ಟು: ಬಯ್ಗುಳ ಬೇಡ, ತಾರೀಖು ಬೇಕು. ದೊಡ್ಡವರು ಬಯ್ಗುಳಕ್ಕೆ ಹೆದರುವುದಿಲ್ಲ, ತಾರೀಖಿಗೆ ಹೆದರುತ್ತಾರೆ.

ಹೆಸರು ಆಗಲೇ ಸಿಕ್ಕಿದೆ. 1955ರಲ್ಲಿ ಮೊರಾಕ್ಕೊದಿಂದ ಈ ದೇಶಕ್ಕೆ ಬಂದ ಯೆಹೂದಿಗಳನ್ನು ಬಂದರಿನಿಂದಲೇ ಲಾರಿಗೆ ಹತ್ತಿಸಿದರು. ಜೆರುಸಲೇಮಿನ ಮಗ್ಗುಲಿಗೇ ಹೋಗುವುದು ಎಂದು ಡ್ರೈವರು ಹೇಳಿದ್ದ. ಲಾರಿ ನಿಂತದ್ದು ಇಲ್ಲಿ. ಮರವಿಲ್ಲ, ಮನೆಯಿಲ್ಲ, ಗಾಳಿ ಮಾತ್ರ. ಯಾರೂ ಇಳಿಯಲಿಲ್ಲ. ಆಗ ಖಾಕಿ ಅಂಗಿಯ ಒಬ್ಬ ಯುವಕ ಬಂದು ಹೇಳಿದನಂತೆ: “ಸದ್ಯಕ್ಕೆ ಇಳಿಯಿರಿ. ಆಮೇಲೆ ನೋಡೋಣ.”

ಆ ಯುವಕ ದ್ರೋರ್. ಆ ಲಾರಿಯಲ್ಲಿದ್ದ ಒಂಬತ್ತು ವರ್ಷದ ಹುಡುಗ ನನ್ನಪ್ಪ.

ಜನವರಿ 14, ಬುಧವಾರ

ಪ್ಯಾಕಿಂಗ್ ಶೆಡ್ಡಿನಲ್ಲಿ ನನ್ನೆದುರು ನಿಂತು ದೊಣ್ಣೆಮೆಣಸಿನಕಾಯಿ ಆರಿಸುವವಳು ಸಬಾಹ್. ಬೆದುಯಿನ್ ಹುಡುಗಿ, ಮರುಭೂಮಿಯ ಅರಬ್ ಬುಡಕಟ್ಟಿನವಳು. ಅವಳ ಊರು ಸರ್ಕಾರದ ಯಾವ ನಕಾಶೆಯಲ್ಲೂ ಇಲ್ಲ. ಆದ್ದರಿಂದ ಅಲ್ಲಿಗೆ ಕರೆಂಟಿಲ್ಲ, ಬಸ್ಸಿಲ್ಲ. ಕೆಲಸ ಮುಗಿದ ಮೇಲೆ ಹೆದ್ದಾರಿಯ ಪಕ್ಕ ಅಣ್ಣನ ಪಿಕಪ್ಪಿಗೆ ಕಾಯುತ್ತಾಳೆ.

ಕಿರುಹೊತ್ತಗೆಯ ಹೆಸರು ಕೇಳಿ ನಕ್ಕಳು.

“ನಮಗೂ ಅದೇ ಮಾತು ಹೇಳಿದ್ರು ಕಣೇ ಒಸ್ನಾತ್. ಅದೇ ಮನುಷ್ಯ.”

ನಮ್ಮ ಲಾರಿಗಳಿಗಿಂತ ಎರಡು ವರ್ಷ ಮೊದಲು ಈ ಗುಡ್ಡ ಅವಳ ಅಜ್ಜನ ಗೋಧಿಹೊಲವಂತೆ. ಆಗ ದ್ರೋರ್ ಸೇನೆಯಲ್ಲಿದ್ದ. ಸದ್ಯಕ್ಕೆ ಪೂರ್ವದ ಕಡೆ ಹೋಗಿ, ಕವಾಯತು ಮುಗಿದ ಮೇಲೆ ಬನ್ನಿ ಎಂದನಂತೆ.

“ನಮ್ಮಜ್ಜ ಬಾವಿ ಹಗ್ಗಾನೂ ಅಲ್ಲೇ ಬಿಟ್ಟು ಹೋದ. ಹೇಗೂ ವಾಪಸ್ ಬರ್ತೀವಲ್ಲ ಅಂತ. ಬಾವಿ ಈಗ್ಲೂ ಇದೆ, ನಿಮ್ಮ ಅಂಚೆ ಕಚೇರಿ ಹಿಂದೆ. ಮೇಲೆ ಕಾಂಕ್ರೀಟು ಹಾಕಿದೀರಿ.”

ಆ ಕಾಂಕ್ರೀಟಿನ ಮೇಲೆ ಕುಳಿತು ನಾನು ಬಾಲ್ಯವೆಲ್ಲ ಸೂರ್ಯಕಾಂತಿ ಬೀಜ ತಿಂದಿದ್ದೇನೆ. ಅದು ಬಾವಿಯೆಂದು ಗೊತ್ತೇ ಇರಲಿಲ್ಲ.

ಇದು ಮೂರನೆಯ ಅಧ್ಯಾಯ. ನೀನೇ ಬರಿ ಎಂದೆ. ಒಪ್ಪಿಕೊಂಡಳು.

ಜನವರಿ 23, ಶುಕ್ರವಾರ

ಸಬಾಹ್ ಊಟದ ಬಿಡುವಿನಲ್ಲಿ ರಟ್ಟಿನ ತುಂಡುಗಳ ಮೇಲೆ ಬರೆದು ಮುಗಿಸಿದ್ದಾಳೆ. ನನ್ನದಕ್ಕಿಂತ ಚೆನ್ನಾಗಿದೆ. ಒಂದೂ ಘೋಷಣೆಯಿಲ್ಲ.

ನಾಲ್ಕನೆಯದನ್ನು ನಾನು ಮುಗಿಸಿದೆ. ವಸತಿ ಮಂತ್ರಿಯಾಗಿದ್ದಾಗ ಆಕ್ರಮಿತ ನೆಲದ ಒಂದು ಗುಡ್ಡದ ಮೇಲೆ ಚಕ್ರದ ಮೇಲೆ ಎಳೆದು ತರುವ ಕೆಲವು ಗಾಡಿಮನೆಗಳಿಗೆ ದ್ರೋರ್ ಅನುಮತಿ ಕೊಟ್ಟ, ಸದ್ಯಕ್ಕೆ. ಇವತ್ತು ಅಲ್ಲಿ ಕೆಂಪು ಹೆಂಚಿನ ಊರಿದೆ, ಈಜುಕೊಳವಿದೆ. ಅದೇ ದ್ರೋರ್ ಈಗ ಯುರೋಪಿನ ರಾಜಧಾನಿಗಳಿಗೆ ಹೋಗಿ ಶಾಂತಿಯ ಬಗ್ಗೆ ಮಾತಾಡುತ್ತಾನೆ. ಅವನು ಸುಳ್ಳು ಹೇಳುತ್ತಾನೆ ಎಂದಲ್ಲ. ಪ್ರತಿಯೊಂದನ್ನೂ ಆ ಹೊತ್ತಿಗೆ ನಂಬಿಯೇ ಹೇಳುತ್ತಾನೆ. ಅದೇ ಅಪಾಯ. ಸುಳ್ಳುಗಾರನನ್ನು ಹಿಡಿಯಬಹುದು, ಸದ್ಯಕ್ಕೆ ನಂಬುವವನನ್ನು ಹಿಡಿಯುವುದು ಹೇಗೆ?

ಸಬ್ಬತ್ತಿನ, ನಮ್ಮ ವಾರದ ಪವಿತ್ರ ದಿನದ, ಊಟ ಮುಗಿದ ಮೇಲೆ ಅಪ್ಪನಿಗೆ ಮುನ್ನುಡಿ ಓದಿದೆ. ಅದು ಊರಿಗೆಲ್ಲ ಗೊತ್ತಿರುವ ಕಥೆ. 1969ರಲ್ಲಿ ಅಜ್ಜ ರಸ್ತೆ ಕೆಲಸದಲ್ಲಿ ಸತ್ತಾಗ ಏಳು ದಿನದ ಸೂತಕಕ್ಕೆ ಉಪಮಂತ್ರಿ ದ್ರೋರ್ ಬಂದಿದ್ದ. ಸೂತಕದ ಮನೆಗೆ ಹೋದವರು, ನೆಲದ ಮೇಲೆ ಕುಳಿತವರು ಬಾಯಿ ತೆರೆಯುವ ತನಕ ತಾವು ಮಾತಾಡಬಾರದು. ಈ ಮನುಷ್ಯ ಒಳಗೆ ಬಂದವನೇ ಭಾಷಣ ಶುರುಮಾಡಿದ. ನೀರಾವರಿ, ರಾಷ್ಟ್ರನಿರ್ಮಾಣ, ಎಲ್ಲ. ಇವತ್ತಿಗೂ ನಮ್ಮೂರಲ್ಲಿ ಸಮಯ ನೋಡದೆ ಮಾತಾಡುವವನಿಗೆ ‘ದ್ರೋರ್ ಬಂದ’ ಎನ್ನುತ್ತಾರೆ.

ಅಪ್ಪ ನಗಲಿಲ್ಲ.

“ಅದನ್ನ ತೆಗೆದುಬಿಡು ಮಗಳೇ.”

“ನಿಜ ಅಲ್ವಾ ಅಪ್ಪ?”

“ನಿಜ. ಆದ್ರೆ ಬಂದಿದ್ದ. ಬೇರೆ ಯಾವನು ಬಂದ ಈ ಧೂಳಿಗೆ? ಗೊತ್ತಿರ್ಲಿಲ್ಲ ಅವನಿಗೆ, ಮಾತಾಡಿದ. ಮನೆಗೆ ಬಂದೋನನ್ನ ನಗೆಪಾಟಲು ಮಾಡಬಾರದು.”

“ನಿನ್ನ ಕಾರ್ಖಾನೆ ಮುಚ್ಚಿದೋನು ಅಪ್ಪ ಅವನು!”

“ಅದನ್ನ ಬರಿ. ದಪ್ಪ ಅಕ್ಷರದಲ್ಲಿ ಬರಿ. ಇದು ಬೇಡ.”

ಅಮ್ಮ ಪುದೀನಾ ಚಹಾ ಸುರಿಯುತ್ತ, “ಅಪ್ಪ ಮಗಳಿಬ್ಬರ ಮಧ್ಯೆ ಆ ಮಂತ್ರಿಗೆ ಈ ಮನೇಲೇ ಒಂದು ಕುರ್ಚಿ ಹಾಕ್ಬೇಕು,” ಎಂದಳು.

ಮುನ್ನುಡಿ ತೆಗೆಯುವುದಿಲ್ಲ. ಹೊತ್ತಗೆಗೆ ಬಾಗಿಲೇ ಅದು.

ಫೆಬ್ರವರಿ 3, ಮಂಗಳವಾರ

ಒಬ್ಬ ಹುಡುಗಿಯ ಹೆಸರಲ್ಲಿ ಬಂದರೆ ಊರಿನವರು ಇದರ ಹಾಳೆಯಲ್ಲಿ ಮೀನು ಕಟ್ಟಿಕೊಡುತ್ತಾರೆ. ಕಾರ್ಖಾನೆಯ ಮಾಜಿ ಕಾರ್ಮಿಕರ ಹೆಸರಲ್ಲಿ ಬರಬೇಕು. ಹಾಗಾಗಿ ಮಸೂದಾಳ ಮನೆಯಲ್ಲಿ ಹೆಂಗಸರನ್ನು ಸೇರಿಸಿದೆ. ಮಸೂದಾ ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವಳು. ಅವಳು ಹೂಂ ಎಂದರೆ ಉಳಿದವರೂ ಹೂಂ.

ಕಾರ್ಖಾನೆಯ ಅಧ್ಯಾಯ ಓದಿದಾಗ ಇಬ್ಬರು ಅತ್ತರು. ‘ತಾತ್ಕಾಲಿಕ ಸ್ಥಗಿತ’ ಎಂಬ ಸರ್ಕಾರಿ ಪತ್ರದ ಮಾತು ಬಂದಾಗ ಮಸೂದಾ, “ನನ್ನ ಗಂಡನೂ ತಾತ್ಕಾಲಿಕವಾಗಿ ಸಿಗರೇಟ್ ತರೋಕೆ ಹೋದ, ಎಂಬತ್ತೆರಡರಲ್ಲಿ,” ಎಂದಳು. ಎಲ್ಲರೂ ನಕ್ಕರು. ಗೆದ್ದೆ ಎಂದುಕೊಂಡೆ.

ಆಮೇಲೆ ಮೂರನೆಯ ಅಧ್ಯಾಯ ಓದಿದೆ. ಯಾರೂ ನಗಲಿಲ್ಲ, ಅಳಲಿಲ್ಲ. ಒಬ್ಬಳು ಎದ್ದು ಕಿಟಕಿ ಮುಚ್ಚಿದಳು.

“ಅವರ ಬಾವಿ ವಿಷಯ ನಮಗ್ಯಾಕಮ್ಮ?” ಎಂದಳು ಮಸೂದಾ. “ಇವತ್ತು ಬಾವಿ ಅಂತಾರೆ, ನಾಳೆ ನನ್ನ ಅಡುಗೆಮನೆ ಅಂತಾರೆ. ಕಾರ್ಖಾನೆಗೆ ಹತ್ತು ಬೆರಳಲ್ಲೂ ಸಹಿ ಹಾಕ್ತೀನಿ. ಇದಕ್ಕೆ ಕಿರುಬೆರಳೂ ಇಲ್ಲ.”

ಒಂದು ಗಂಟೆ ವಾದಿಸಿದೆ. ಕೊನೆಗೆ ಲೆಕ್ಕ ಹಾಕಿ ನೋಡಿದೆ: ಒಂದು ಅಧ್ಯಾಯ ಇಟ್ಟುಕೊಂಡು ಎಲ್ಲರನ್ನೂ ಕಳೆದುಕೊಳ್ಳುವುದೋ, ಅಥವಾ ಅದನ್ನು ಎರಡನೆಯ ಮುದ್ರಣಕ್ಕೆ ಇಡುವುದೋ. ಮೊದಲು ಓದುಗರನ್ನು ಸಂಪಾದಿಸಬೇಕು, ಸತ್ಯವನ್ನು ಆಮೇಲೆ ಪೂರ್ತಿ ಹೇಳಬಹುದು. ಹಳೆಯ ಕಿರುಹೊತ್ತಗೆಗಳಲ್ಲಿ ಇದಕ್ಕೆ ಒಂದು ಹೆಸರೇ ಇದೆ: ಹಂತ.

ಫೆಬ್ರವರಿ 5, ಗುರುವಾರ

ಸಬಾಹ್‌ಗೆ ಹೇಳಿದೆ.

“ತೆಗೆದುಬಿಟ್ಯಾ?”

“ತೆಗೆದಿಲ್ಲ. ಸದ್ಯಕ್ಕೆ ಪಕ್ಕಕ್ಕಿಟ್ಟಿದೀನಿ.”

ಅವಳು ಕೈಯಲ್ಲಿದ್ದ ಮೆಣಸಿನಕಾಯನ್ನು ತಿರುಗಿಸಿ ತಿರುಗಿಸಿ ನೋಡಿ ಎರಡನೆಯ ದರ್ಜೆಯ ಪೆಟ್ಟಿಗೆಗೆ ಹಾಕಿದಳು. ಅದರಲ್ಲಿ ಯಾವ ಕಲೆಯೂ ಇರಲಿಲ್ಲ.

“ಸರಿ,” ಎಂದಳು.

ಅವಳು ಇಷ್ಟು ಬೇಗ ಅರ್ಥಮಾಡಿಕೊಂಡದ್ದು ಒಳ್ಳೆಯದಾಯಿತು.

ಫೆಬ್ರವರಿ 16, ಸೋಮವಾರ

ಅಪ್ಪ ಹೋದ.

ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತ. ಆಂಬುಲೆನ್ಸು ದೂರದ ಬೇರ್‌ಶೇವಾ ನಗರದಿಂದ ಬರಬೇಕು. ಬಂತು. ದಾರಿಯಲ್ಲೇ ಮುಗಿಯಿತು. ಸಂಜೆಯೊಳಗೆ ಮಣ್ಣು ಮಾಡಿದರು. ಸತ್ತವರ ಮಕ್ಕಳಿಗೆ ಮಾಡುವ ಪದ್ಧತಿಯಂತೆ ನನ್ನ ಅಂಗಿಯ ಕೊರಳಪಟ್ಟಿಯನ್ನು ಒಬ್ಬ ಮುದುಕ ಬ್ಲೇಡಿನಿಂದ ಸೀಳಿದ. ನೀಲಿ ಅಂಗಿ.

ಫೆಬ್ರವರಿ 19, ಗುರುವಾರ

ಅಮ್ಮ ಒಳಕೋಣೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದಾಳೆ. ಅಣ್ಣತಮ್ಮಂದಿರಿಲ್ಲದ ಕಾರಣ ಹೊರಗಿನ ಪೆಂಡಾಲಿನಲ್ಲಿ ನಾನು. ನೆಲದ ಮೇಲೆ ಹಾಸಿಗೆ. ಎದುರಿಗೆ ಬಿಳಿ ಪ್ಲಾಸ್ಟಿಕ್ ಕುರ್ಚಿಗಳು. ಜನ ಬರುತ್ತಾರೆ, ಕುಳಿತುಕೊಳ್ಳುತ್ತಾರೆ, ನಾನು ಏನಾದರೂ ಹೇಳಲಿ ಎಂದು ಕಾಯುತ್ತಾರೆ. “ಬನ್ನಿ” ಎನ್ನುತ್ತೇನೆ, ಆಗ ಮಾತು ಹರಿಯುತ್ತದೆ. ನಿನ್ನೆ ಸಬಾಹ್ ಕಹಿ ಕಾಫಿಯ ಫ್ಲಾಸ್ಕು, ಖರ್ಜೂರ ತಂದಿದ್ದಳು. ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಅಮ್ಮನ ಜೊತೆ ಮೊಟ್ಟೆ ಸುಲಿದಳಂತೆ.

ಇವತ್ತು ದ್ರೋರ್ ಬಂದ.

ಪುರಸಭಾಧ್ಯಕ್ಷ ಪ್ರೊಸ್ಪೆರ್ ಮುಂದೆ, ಅವನ ಹಿಂದೆ ದ್ರೋರ್, ಅಂಗರಕ್ಷಕ ಹೊರಗೆ. ದ್ರೋರ್ ಈಗ ಸಣ್ಣವನಾಗಿದ್ದಾನೆ. ಕೋಟು ಅವನಿಗಿಂತ ದೊಡ್ಡದು. ಪೆಂಡಾಲಿನಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು, ತುಟಿ ಕಚ್ಚಿಕೊಂಡರು. ದ್ರೋರ್ ಬಂದ, ಇನ್ನು ಶುರು.

ಅವನು ನನ್ನೆದುರಿನ ಕುರ್ಚಿಯಲ್ಲಿ ಕುಳಿತ. ಟೋಪಿ ತೆಗೆದು, ಸೂತಕದ ಮನೆಯಲ್ಲಿ ತಲೆ ಮುಚ್ಚಿರಬೇಕೆಂದು ನೆನಪಾಗಿ ಮತ್ತೆ ಹಾಕಿಕೊಂಡ. ಮತ್ತೆ ಸುಮ್ಮನೆ ಕುಳಿತ.

ನಾನೂ ಸುಮ್ಮನೆ ಕುಳಿತೆ.

ನಲವತ್ತೈದು ವರ್ಷ ಈ ದೇಶದಲ್ಲಿ ಅವನ ಬಾಯನ್ನು ಯಾರೂ ಮುಚ್ಚಿಸಿರಲಿಲ್ಲ. ನಾನು ನೆಲದ ಮೇಲೆ ಕುಳಿತೇ ಮುಚ್ಚಿಸಿದ್ದೆ. ನಾನು ಬಾಯಿ ತೆರೆಯದಿದ್ದರೆ ಅವನು ಹೀಗೆಯೇ ಎದ್ದು ಹೋಗಬೇಕು. ಪ್ರೊಸ್ಪೆರ್ ನನಗೆ ಹುಬ್ಬಿನಲ್ಲೇ ಸನ್ನೆ ಮಾಡಿದ. ನೋಡದವಳಂತೆ ಇದ್ದೆ. ಯಾರದೋ ಕುರ್ಚಿ ಕಿರುಗುಟ್ಟಿತು. ಮಸೂದಾ ಕೆಮ್ಮಿದಳು. ದ್ರೋರನ ಕಣ್ಣು ನೆಲದ ಮೇಲಿತ್ತು. ಅವನು ಕಲಿತುಬಿಟ್ಟಿದ್ದ. ನನ್ನ ಮುನ್ನುಡಿ ಬರೆದಾಗ ನಿಜವಾಗಿತ್ತು, ಈಗ ಅರ್ಧ ಮಾತ್ರ ನಿಜ.

ಕೊನೆಗೆ ಕೇಳಿದೆ: “ನಮ್ಮಪ್ಪ ನೆನಪಿದಾನಾ ನಿಮಗೆ?”

“ಮಖ್ಲೂಫ್,” ಎಂದ ತಕ್ಷಣ. “ಎಲ್ಲರೂ ಇಳಿದ ಮೇಲೂ ಲಾರಿಯ ಹಲಗೆ ಹಿಡ್ಕೊಂಡು ಕೂತಿದ್ದ. ನಾನೇ ಎತ್ತಿ ಇಳಿಸಿದೆ. ಮುಂಗೈ ಕಚ್ಚಿದ.”

ಪೆಂಡಾಲಿನಲ್ಲಿ ಒಂದಿಬ್ಬರು ನಕ್ಕರು. ಅಪ್ಪ ಕಚ್ಚಿದ್ದು ನನಗೆ ಗೊತ್ತಿರಲಿಲ್ಲ. ಎಂದೂ ಹೇಳಿರಲಿಲ್ಲ.

“ಜೆರುಸಲೇಮಿನ ಮಗ್ಗುಲಿಗೆ ಅಂತ ಡ್ರೈವರಿಗೆ ಹೇಳಿಕೊಟ್ಟಿದ್ದು ಯಾರು?”

“ನಾನು.”

ಪ್ರೊಸ್ಪೆರ್ ಕುರ್ಚಿಯಲ್ಲೇ ಹೊರಳಿದ.

“ನಿಜ ಹೇಳಿದ್ರೆ ಯಾರಮ್ಮ ಹತ್ತುತ್ತಿದ್ದರು?” ಎಂದ ದ್ರೋರ್. “ಒಂದು ವರ್ಷದ ಮಟ್ಟಿಗೆ ಅಂದ್ಕೊಂಡಿದ್ದೆ. ಆಮೇಲೆ ಬೇರೆ ಕೆಲಸ ಬಂತು.”

ಹನ್ನೆರಡು ಪುಟಗಳಲ್ಲಿ ನಾನು ರುಜುವಾತು ಮಾಡಿದ್ದನ್ನು ಅವನು ಒಂದೇ ಪದದಲ್ಲಿ ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡದ್ದರಿಂದ ಅವನಿಗೆ ಏನೂ ಖರ್ಚಾಗಲಿಲ್ಲ. ಜನ ತಲೆದೂಗಿದರು. ‘ದೊಡ್ಡ ಮನಸ್ಸು’ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ತಪ್ಪು ಒಪ್ಪಿಕೊಳ್ಳುವುದೂ ಒಂದು ಖಾತೆ, ಅವನು ಅದನ್ನೂ ಆಳಿದ್ದಾನೆ. ಇದನ್ನು ಹೊತ್ತಗೆಯಲ್ಲಿ ಸೇರಿಸಬೇಕು.

ಏಳುವಾಗ ಕೇಳಿದ, “ಈ ಊರಿಗೆ ಏನು ಬೇಕು?”

“ಆಸ್ಪತ್ರೆ,” ಎಂದೆ. “ಹಗಲೂ ರಾತ್ರಿ ತೆರೆದಿರೋದು. ಇಲ್ಲೇ.”

“ನೋಡೋಣ,” ಎಂದ.

ಫೆಬ್ರವರಿ 25, ಬುಧವಾರ

ಭಾನುವಾರ ಸೂತಕ ಮುಗಿಯಿತು. ಆ ಏಳು ದಿನ ಕನ್ನಡಿಗಳಿಗೆ ಮುಚ್ಚಿದ್ದ ಬಟ್ಟೆ ತೆಗೆದೆವು.

ಮುನ್ನುಡಿಯನ್ನು ತೆಗೆದುಹಾಕಿದೆ. ಅದು ಅಪ್ಪನ ಮಾತಿಗಾಗಿ, ಬೇರೆ ಯಾವ ಕಾರಣಕ್ಕೂ ಅಲ್ಲ.

ಮಾರ್ಚ್ 2, ಸೋಮವಾರ

ಪ್ರೊಸ್ಪೆರ್ ಕರೆಸಿಕೊಂಡಿದ್ದ. ಅವನ ಕಚೇರಿಯಲ್ಲಿ ಯಾವಾಗಲೂ ಅರ್ಧ ಕುಡಿದ ಕಾಫಿ, ಪೂರ್ತಿ ಸೇದಿದ ಸಿಗರೇಟು.

“ನಿನ್ನ ಹೊತ್ತಗೆ ಓದಿದೆ. ಕಣ್ಣು ಅರಳಿಸ್ಬೇಡ, ಮಸೂದಾ ನನ್ನ ಹೆಂಡತಿಯ ಚಿಕ್ಕಮ್ಮ. ಚೆನ್ನಾಗಿದೆ. ವಿಷ ಇದ್ದಂಗಿದೆ.”

“ಧನ್ಯವಾದ.”

“ಕೇಳು ಹುಡುಗಿ. ಮುದುಕ ಫೋನು ಮಾಡಿದ್ದ. ಆಸ್ಪತ್ರೆ ವಿಷಯ ಆರೋಗ್ಯ ಖಾತೇಲಿ ಮಾತಾಡಿದಾನೆ. ಅವನ ಮಾತಿಗೆ ಅಲ್ಲಿ ಇನ್ನೂ ಬೆಲೆ ಇದೆ, ಎಷ್ಟು ದಿನವೋ ಗೊತ್ತಿಲ್ಲ. ಇಪ್ಪತ್ನಾಲ್ಕಕ್ಕೆ ಬಂದು ಘೋಷಣೆ ಮಾಡ್ತಾನಂತೆ. ನೀನು ಅವತ್ತು ಬಾಗಿಲಲ್ಲಿ ನಿಂತು ಇದನ್ನ ಹಂಚಿದ್ರೆ, ಅವನು ಬಂದ ಕಾರಲ್ಲೇ ವಾಪಸ್ ಹೋಗ್ತಾನೆ. ಹೋಗೋದು ಅವನೊಬ್ಬನೇ ಅಲ್ಲ.”

“ಅಂದ್ರೆ ನನ್ನ ಬಾಯಿ ಮುಚ್ಚಿಸೋಕೆ ಆಸ್ಪತ್ರೆ.”

“ನಿನ್ನ ಬಾಯಿಗೆ ಅಷ್ಟು ಬೆಲೆ ಬಂದಿದೆ ಅಂತ ಖುಷಿಪಡು. ನಂದಕ್ಕೆ ಒಂದು ಬಸ್ ಸ್ಟಾಪೂ ಸಿಕ್ಕಿಲ್ಲ.”

ಎದ್ದು ಬಂದೆ. ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕುಳಿತೆ. ಅಪ್ಪ ಎದೆ ಹಿಡಿದುಕೊಂಡು ಕುಳಿತದ್ದೂ ಮೆಟ್ಟಿಲ ಮೇಲೆಯೇ, ಆಂಬುಲೆನ್ಸಿಗೆ ಹತ್ತಿರವಾಗಲಿ ಎಂದು ತಾನೇ ಇಳಿದು ಬಂದಿದ್ದ.

ಮಾರ್ಚ್ 8, ಭಾನುವಾರ

ಯೋಚಿಸಿದೆ. ತತ್ವ ಯಾರನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದಿಲ್ಲ.

ಹೊತ್ತಗೆ ಬಿಡುವುದಿಲ್ಲ, ಹರಿತವನ್ನು ಮಾತ್ರ ತಗ್ಗಿಸುತ್ತೇನೆ. ಗುಡ್ಡದ ಗಾಡಿಮನೆಗಳ ಅಧ್ಯಾಯ ಹೋಯಿತು. ಊರಿನ ಅರ್ಧ ಜನಕ್ಕೆ ಅಲ್ಲಿ ನೆಂಟರಿದ್ದಾರೆ, ಅದನ್ನು ಓದಿ ಹೇಗೂ ಹರಿದುಹಾಕುತ್ತಿದ್ದರು. ಲಾರಿಯದನ್ನು ಅವನೇ ಎಲ್ಲರ ಮುಂದೆ ಒಪ್ಪಿಕೊಂಡಿದ್ದಾನೆ, ಮತ್ತೆ ಬರೆಯುವುದು ಪುನರುಕ್ತಿ. ಕಾರ್ಖಾನೆಯದನ್ನು ಆಸ್ಪತ್ರೆಯ ಕಾಗದ ಕೈಸೇರಿದ ಮೇಲೆ ಪ್ರತ್ಯೇಕವಾಗಿ ತರಬಹುದು. ಮಸೂದಾ ಸ್ವಲ್ಪ ಕೂಗಾಡಿದಳು: “ಹತ್ತು ಬೆರಳಲ್ಲಿ ಸಹಿ ಹಾಕ್ತೀನಿ ಅಂದೆ. ಯಾವುದಕ್ಕೇ ಈಗ, ಹೊತ್ತಗೆಯ ಹಿಂದಿನ ಹೊದಿಕೆಗಾ?” ಅವಳಿಗೆ ಹಂತಗಳ ಬಗ್ಗೆ ತಿಳಿವಳಿಕೆ ಇಲ್ಲ.

ಉಳಿದದ್ದು ಕೊನೆಯ ಅಧ್ಯಾಯ: ಯಾವ ವರ್ಷ ಯಾವ ಹುದ್ದೆ, ಯಾವ ಪಕ್ಷ, ಯಾವ ನಿರ್ಧಾರ. ಶುದ್ಧ ತಾರೀಖು. ನಾನು ಮೊದಲ ದಿನವೇ ಬರೆದಿದ್ದೆನಲ್ಲ, ಅವರು ಹೆದರುವುದು ತಾರೀಖಿಗೆ. ಓದಬಲ್ಲವನು ಸಾಲುಗಳ ನಡುವೆ ಓದಿಕೊಳ್ಳುತ್ತಾನೆ.

ಮಾರ್ಚ್ 17, ಮಂಗಳವಾರ

ಮುದ್ರಣವನ್ನು ಪುರಸಭೆಯೇ ವಹಿಸಿಕೊಂಡಿದೆ. ಇದು ಸಣ್ಣ ವಿಷಯವಲ್ಲ. ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಹೊತ್ತಗೆಯೂ ಹೊಳಪು ಕಾಗದದ ಮೇಲೆ ಬಂದಿರಲಿಲ್ಲ.

ಹೆಸರಿನ ಬಗ್ಗೆ ಚರ್ಚೆಯಾಯಿತು. ‘ಸದ್ಯಕ್ಕೆ ಇಳಿಯಿರಿ’ ಎಂಬುದು ಸಮಾರಂಭದ ದಿನ, ಅದೂ ವೇದಿಕೆ ಹತ್ತುವವನ ಕೈಯಲ್ಲಿ, ಚೆನ್ನಾಗಿರುವುದಿಲ್ಲ ಎಂದ ಪ್ರೊಸ್ಪೆರ್. ಅವನ ಮಾತಲ್ಲೂ ಅರ್ಥವಿದೆ. ‘ಎಲ್ಹನಾನ್ ದ್ರೋರ್: ಒಂದು ದಾರಿ’ ಎಂದಾಯಿತು. ‘ದಾರಿ’ ಎಂಬ ಮಾತು ಹೊಗಳಿಕೆಯಲ್ಲ. ದಾರಿ ಎಲ್ಲಿಗೆ ಬೇಕಾದರೂ ಹೋಗಬಹುದು.

ನವೆಂಬರಿನ ಚುನಾವಣೆಗೆ ತನ್ನ ಪಟ್ಟಿಯಲ್ಲಿ ನಾಲ್ಕನೆಯ ಜಾಗಕ್ಕೆ ಹೆಸರು ಕೊಡು ಎಂದೂ ಕೇಳಿದ. ಅಂಥ ಪಟ್ಟಿಗಳಲ್ಲಿ ನನಗೆ ನಂಬಿಕೆಯಿಲ್ಲ. ನೋಡೋಣ ಎಂದೆ.

ಮಾರ್ಚ್ 24, ಮಂಗಳವಾರ

ಎಲ್ಲ ಚೆನ್ನಾಗಿ ನಡೆಯಿತು.

ಗಾಳಿ ಜೋರಾಗಿತ್ತು, ಬಾವುಟಗಳು ಕಂಬಕ್ಕೆ ಬಡಿದುಕೊಳ್ಳುತ್ತಿದ್ದವು. ದ್ರೋರ್ ಮಾತಾಡಿದ. ಹಗಲೂ ರಾತ್ರಿ ತೆರೆದಿರುವ ಆಸ್ಪತ್ರೆ ಮುಂದಿನ ತಿಂಗಳೇ ಶುರು. ಕಟ್ಟಡ ಆಗುವ ತನಕ ಅಂಚೆ ಕಚೇರಿಯ ಹಿಂದೆ ಎರಡು ಗಾಡಿಮನೆಗಳನ್ನು ನಿಲ್ಲಿಸುತ್ತಾರೆ. ಅಲ್ಲಿ ಹೇಗೂ ಕಾಂಕ್ರೀಟು ಇದೆ, ಪಾಯ ಹಾಕುವ ಕೆಲಸ ಉಳಿಯುತ್ತದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಮ್ಮ ಕುಳಿತೇ ಇದ್ದಳು, ಮಂಡಿ ನೋವಿರಬೇಕು.

ನಾನು ಬಾಗಿಲಲ್ಲಿ ನಿಂತು ನನ್ನ ಹೊತ್ತಗೆ ಹಂಚಿದೆ. ಮುಖಪುಟದಲ್ಲಿ ದ್ರೋರನ ಫೋಟೊ. ಒಳಗೆ ಎಂಟು ಪುಟ. ಒಂದು ಮಾತೂ ಸುಳ್ಳಿಲ್ಲ, ಒಂದು ಮಾತೂ ಬೇರೆಯವರದ್ದಲ್ಲ.

ಬಿರುದು ತೆಗೆದುಕೊಂಡು ಹೊರಡುವಾಗ ದ್ರೋರ್ ಒಂದನ್ನು ಎತ್ತಿಕೊಂಡ. ಕನ್ನಡಕ ಹಾಕಿ ಎರಡು ಪುಟ ಓದಿದ.

“ಬರೆದದ್ದು ಯಾರು?”

“ನಾನು.”

ನನ್ನ ಗುರುತು ಹಿಡಿದನೋ ಇಲ್ಲವೋ ತಿಳಿಯಲಿಲ್ಲ. “ಚೊಕ್ಕವಾಗಿದೆ,” ಎಂದ. “ನನ್ನ ಕಚೇರಿಯವರಿಗೂ ಹೀಗೆ ಬರೆಯೋಕೆ ಬರಲ್ಲ.” ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡ.

ಮೈದಾನ ಖಾಲಿಯಾಗುತ್ತಿದ್ದಾಗ ಸಬಾಹ್ ಬಂದಳು. ಶೆಡ್ಡಿನಿಂದ ನೇರವಾಗಿ ಬಂದಿದ್ದಳು, ಕೈಗವಸು ಇನ್ನೂ ಸೊಂಟದಲ್ಲಿತ್ತು. ಒಂದು ಪ್ರತಿ ಕೇಳಿದಳು, ಕೊಟ್ಟೆ. ಅಲ್ಲೇ ನಿಂತು ಮೊದಲಿನಿಂದ ಕೊನೆಯ ತನಕ ಓದಿದಳು. 1953ರ ಸಾಲಿನ ಮೇಲೆ ಬೆರಳಿಟ್ಟಳು. ‘ದಕ್ಷಿಣ ಪ್ರಾಂತದಲ್ಲಿ ಸೇನಾಸೇವೆ’ ಎಂದಿದೆ ಅಲ್ಲಿ.

“ಇದೇನಾ ನಾವು?” ಎಂದಳು.

“ಎರಡನೇ ಮುದ್ರಣದಲ್ಲಿ ಪೂರ್ತಿ ಬರುತ್ತೆ ಸಬಾಹ್. ರಟ್ಟಿನ ತುಂಡುಗಳು ನನ್ನ ಹತ್ರಾನೇ ಇವೆ, ಜೋಪಾನವಾಗಿ.”

ಅವಳು ಹೊತ್ತಗೆಯನ್ನು ಮಡಿಕೆಯಾಗದಂತೆ ಮೆಲ್ಲಗೆ ರಾಶಿಯ ಮೇಲೆ ಇಟ್ಟಳು.

“ಬಸ್ಸಿಗೆ ಹೊತ್ತಾಯ್ತು,” ಎಂದು ಹೊರಟುಹೋದಳು.

ಅವಳ ಊರಿನ ಕಡೆಗೆ ಬಸ್ಸು ಯಾವಾಗ ಶುರುವಾಯಿತೋ ಗೊತ್ತಾಗಲೇ ಇಲ್ಲ. ನಾಳೆ ಕೇಳಬೇಕು.